88 ಸಾವಿರದ ಕೊಟೇಶನ್ನಿನಲ್ಲಿ ಗೇಮ್ ಎಲ್ಲಿದೆ?

ಓದುಗರ ಪ್ರಶ್ನೆ: ನಮಸ್ಕಾರ ಸರ್. ನಾನು ಸಿಂಧನೂರಿನವನು, ಬಿಸಿಎ ಕೊನೆಯ ವರ್ಷ. ಗೇಮಿಂಗ್ ಸಿಸ್ಟಂ ಅಸೆಂಬಲ್ ಮಾಡಿಸಲು ಒಂದು ಲಕ್ಷ ಕೂಡಿಟ್ಟಿದ್ದೇನೆ. ಒಂದು ಅಂಗಡಿಯಿಂದ 88 ಸಾವಿರದ ಕೊಟೇಶನ್ ಬಂದಿದೆ. ಅದರಲ್ಲಿರುವುದು ಕೋರ್ ಐ7-12700ಎಫ್, ಎಚ್610 ಮದರ್‌ಬೋರ್ಡ್, 16 ಜಿಬಿ ಡಿಡಿಆರ್4 ಒಂದೇ ಸ್ಟಿಕ್, 512 ಜಿಬಿ ಎಸ್‌ಎಸ್‌ಡಿ, ಆರ್‌ಎಕ್ಸ್ 6500 ಎಕ್ಸ್‌ಟಿ 4 ಜಿಬಿ ಕಾರ್ಡ್, ಆರ್‌ಜಿಬಿ ವಾಟರ್ ಕೂಲರ್, ಗಾಜಿನ ಕ್ಯಾಬಿನೆಟ್, ಅದರ ಜೊತೆಗೇ ಬರುವ 500 ವಾಟ್ ಎಸ್‌ಎಂಪಿಎಸ್. ವ್ಯಾಲರಂಟ್ ಜಾಸ್ತಿ ಆಡ್ತೀನಿ. ಸೈಬರ್‌ಪಂಕ್ 2077 ಮತ್ತು ಹೊಸ ಗೇಮ್‌ಗಳನ್ನೂ ಚೆನ್ನಾಗಿ ಆಡಬೇಕು ಅಂತ ಆಸೆ. ಮಾಮನ ಡಿಟಿಪಿ ಅಂಗಡಿಯ ಹಳೆ ಸಿಸ್ಟಂ ನನ್ನ ಹತ್ತಿರ ಇದೆ: 8ನೇ ಜೆನ್ ಐ3, 8 ಜಿಬಿಯ ಎರಡು ಡಿಡಿಆರ್4 ರ‍್ಯಾಮ್, 60 ಹರ್ಟ್ಸ್ ಮಾನಿಟರ್, 600 ವಿಎ ಯುಪಿಎಸ್. ಇದರಲ್ಲಿ ಏನಾದರೂ ಉಪಯೋಗಕ್ಕೆ ಬರುತ್ತದೆಯೇ? ಕೊಟೇಶನ್ ಸರಿ ಇದೆಯೇ?

ಉತ್ತರ: ಸರಿ ಇಲ್ಲ. ಅಡ್ವಾನ್ಸ್ ಕೊಟ್ಟಿಲ್ಲದಿದ್ದರೆ ಕೊಡಬೇಡಿ.

ಅಂಗಡಿಯವರು ಮೋಸ ಮಾಡಿದ್ದಾರೆ ಅಂತ ನಾನು ಹೇಳುತ್ತಿಲ್ಲ. ಬಂದವರೆಲ್ಲ ‘ಐ7 ಇದೆಯಾ, ಲೈಟ್ ಬರುತ್ತಾ’ ಅಂತಲೇ ಕೇಳುತ್ತಾರೆ. ಅವರೂ ಅದನ್ನೇ ಬರೆದುಕೊಟ್ಟಿದ್ದಾರೆ. ಆದರೆ ಗೇಮ್ ಆಡಿಸುವುದು ಐ7 ಅಲ್ಲ. ಈ ಪಟ್ಟಿಯಲ್ಲಿ ದುಡ್ಡು ಹೋಗಿರುವುದು ಪ್ರೊಸೆಸರಿಗೆ, ಲೈಟಿಗೆ, ವಾಟರ್ ಕೂಲರಿಗೆ. ನಿಜವಾಗಿ ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡಿಗೆ ಉಳಿದದ್ದು ಚಿಲ್ಲರೆ. ಮನೆಯಲ್ಲಿ ಏನೇನಿದೆ ಅಂತಲೂ ಅವರು ಕೇಳಿದ ಹಾಗಿಲ್ಲ. ಕೇಳಿದ್ದರೆ ರ‍್ಯಾಮನ್ನು ಮತ್ತೆ ಮಾರುತ್ತಿರಲಿಲ್ಲ.

ಪ್ರೊಸೆಸರ್ ಮತ್ತು ಕಾರ್ಡಿನ ಕೆಲಸ ಮೊದಲು ಬೇರೆ ಬೇರೆಯಾಗಿ ನೋಡೋಣ. ಪ್ರೊಸೆಸರ್ ಅಂದರೆ ರೊಟ್ಟಿ ತಟ್ಟುವವರು, ಕಾರ್ಡ್ ಅಂದರೆ ಹಂಚು. ಹಂಚು ಚಿಕ್ಕದಾಗಿದ್ದರೆ ಹನ್ನೆರಡು ಜನ ಕೂತು ತಟ್ಟಿದರೂ ರೊಟ್ಟಿ ಬೇಯುವುದು ಒಂದೊಂದೇ. ನಿಮ್ಮ ಕೊಟೇಶನ್ನಿನ ಐ7ನಲ್ಲಿ 12 ಕೋರ್ ಇವೆ. ಸೈಬರ್‌ಪಂಕ್ ಹಾಕಿದರೆ ಅವುಗಳಲ್ಲಿ ಹೆಚ್ಚಿನವು ಕಾರ್ಡಿನ ದಾರಿ ಕಾಯುತ್ತಾ ಸುಮ್ನೆ ಕೂರುತ್ತವೆ.

ಇದನ್ನು ಗೆಳೆಯರ ಸಿಸ್ಟಂನಲ್ಲಿ ನೀವೇ ಪರೀಕ್ಷಿಸಬಹುದು. ಗೇಮ್ ಓಡುವಾಗ ರೆಸಲ್ಯೂಶನ್ (ಚಿತ್ರದಲ್ಲಿರುವ ಚುಕ್ಕೆಗಳ ಸಂಖ್ಯೆ) ಇಳಿಸಿ. ಎಫ್‌ಪಿಎಸ್, ಅಂದರೆ ಸೆಕೆಂಡಿಗೆ ಮೂಡುವ ಚಿತ್ರಗಳ ಸಂಖ್ಯೆ, ಏರಿದರೆ ಎಳೆದು ಹಿಡಿದಿದ್ದದ್ದು ಕಾರ್ಡ್. ಇದ್ದಲ್ಲೇ ಇದ್ದರೆ ಪ್ರೊಸೆಸರ್. ವ್ಯಾಲರಂಟ್‌ನಲ್ಲಿ ಹೆಚ್ಚಾಗಿ ಎರಡನೆಯದೇ ಕಾಣುತ್ತದೆ, ಏಕೆಂದರೆ ಅದು ಕಾರ್ಡಿಗೆ ಹಗುರವಾದ ಗೇಮ್. ಹೊಸ ದೊಡ್ಡ ಗೇಮ್‌ಗಳಲ್ಲಿ ಹೆಚ್ಚಾಗಿ ಮೊದಲನೆಯದು.

ಈಗ ಶುರು ಮಾಡಬೇಕಾದದ್ದು ಮಾನಿಟರಿನಿಂದ. ಕೊಟೇಶನ್ನಿನಲ್ಲಿ ಅದರ ಸುದ್ದಿಯೇ ಇಲ್ಲ. 60 ಹರ್ಟ್ಸ್ ಮಾನಿಟರ್ ಸೆಕೆಂಡಿಗೆ 60 ಚಿತ್ರ ಮಾತ್ರ ತೋರಿಸುತ್ತದೆ. ಕಾರ್ಡ್ 200 ಚಿತ್ರ ಬರೆದರೂ ಕಣ್ಣಿಗೆ ಪೂರ್ತಿಯಾಗಿ ಸಿಗುವುದು 60. ಪ್ರತಿ ಚಿತ್ರದ ನಡುವೆ 16.7 ಮಿಲಿಸೆಕೆಂಡ್ ಅಂತರ. 144 ಹರ್ಟ್ಸ್‌ನಲ್ಲಿ ಅದು 6.9ಕ್ಕೆ ಇಳಿಯುತ್ತದೆ. ವ್ಯಾಲರಂಟ್‌ನಲ್ಲಿ ಮೂಲೆಯಿಂದ ಇಣುಕುವ ಎದುರಾಳಿ ಕಾಣುವುದರಲ್ಲಿ ಈ ವ್ಯತ್ಯಾಸ ಚೆನ್ನಾಗಿಯೇ ಗೊತ್ತಾಗುತ್ತದೆ. ಹೀಗಾಗಿ ಒಂದು ಲಕ್ಷದಲ್ಲಿ ಹತ್ತು–ಹನ್ನೆರಡು ಸಾವಿರ ಮೊದಲೇ ಮಾನಿಟರಿಗೆ ಎತ್ತಿಡಿ. 24 ಇಂಚು, 1080ಪಿ, 144 ಹರ್ಟ್ಸ್ ಅಥವಾ ಮೇಲೆ, ಐಪಿಎಸ್ ಪ್ಯಾನೆಲ್, ಕಾರ್ಡಿನ ವೇಗಕ್ಕೆ ಮಾನಿಟರ್ ತಾನೇ ಹೊಂದಿಕೊಳ್ಳುವ ಫ್ರೀಸಿಂಕ್ ಇರಲಿ. 27 ಇಂಚಿನಲ್ಲಿ 1080ಪಿ ಬೇಡ, ಅಕ್ಷರ ಒಡೆದಂತೆ ಕಾಣುತ್ತದೆ. 1440ಪಿ ಆಸೆ ಇದ್ದರೆ ಲೆಕ್ಕ ನೋಡಿ: 1080ಪಿ ಅಂದರೆ ಸುಮಾರು 20.7 ಲಕ್ಷ ಚುಕ್ಕೆ, 1440ಪಿ ಅಂದರೆ 36.9 ಲಕ್ಷ. ಪ್ರತಿ ಚಿತ್ರಕ್ಕೂ ಕಾರ್ಡ್ ಅಷ್ಟು ಚುಕ್ಕೆ ತುಂಬಬೇಕು. ನಿಮ್ಮ ಬಜೆಟ್ಟಿಗೆ 1080ಪಿ ಸಾಕು.

ಇನ್ನು ಕಾರ್ಡ್. ಇದಕ್ಕೆ 35ರಿಂದ 40 ಸಾವಿರ ಇಟ್ಟುಕೊಳ್ಳಿ. ಕೇಳಿ ಗಾಬರಿಯಾದರೆ ಮತ್ತೊಮ್ಮೆ ರೊಟ್ಟಿ ಲೆಕ್ಕ ನೋಡಿ.

ಕೊಟೇಶನ್ನಿನ 6500 ಎಕ್ಸ್‌ಟಿ 2022ರ ಜನವರಿಯಲ್ಲಿ ಬಂದ ಕಾರ್ಡ್. ಅದರ ಮೆಮೊರಿ 4 ಜಿಬಿ. ಸ್ಲಾಟ್ ಉದ್ದವಿದ್ದರೂ ಡೇಟಾ ಹೋಗಿಬರಲು ಅದು ಬಳಸುವುದು ನಾಲ್ಕೇ ಲೇನ್. ಆಟ ರೆಕಾರ್ಡ್ ಮಾಡಲು ಬೇಕಾದ ವಿಡಿಯೋ ಎನ್‌ಕೋಡರ್ ಅದರಲ್ಲಿ ಇಲ್ಲವೇ ಇಲ್ಲ. ಯೂಟ್ಯೂಬಿಗೆ ಗೇಮ್‌ಪ್ಲೇ ಹಾಕೋಣ ಅಂದುಕೊಂಡರೆ ಆ ಭಾರವೆಲ್ಲ ಪ್ರೊಸೆಸರ್ ಮೇಲೆಯೇ ಬೀಳುತ್ತದೆ. ಇದೇ ಜಾತಿಗೆ ಸೇರಿದ ಇನ್ನೂ ಕೆಲವು ಕಾರ್ಡ್‌ಗಳು ‘ಆಫರ್’ ಅಂತ ಬರುತ್ತವೆ. ಜಿಟಿಎಕ್ಸ್ 1650 ಈಗ ಬೇಡ. 2024ರ ಕೊನೆಗೆ ಬಂದ ಇಂಡಿಯಾನಾ ಜೋನ್ಸ್ ಗೇಮ್, 2025ರ ಡೂಮ್ ಗೇಮ್ ರೇ ಟ್ರೇಸಿಂಗ್ (ಬೆಳಕು, ನೆರಳನ್ನು ನಿಜದಂತೆ ಲೆಕ್ಕ ಹಾಕುವುದು) ಹಾರ್ಡ್‌ವೇರ್ ಇಲ್ಲದ ಕಾರ್ಡಿನಲ್ಲಿ ಓಡುವುದೇ ಇಲ್ಲ. ‘ಆರ್‌ಎಕ್ಸ್ 580 2048ಎಸ್‌ಪಿ’ ಅಂತ ಕೇಳದ ಬ್ರ್ಯಾಂಡಿನ ಡಬ್ಬಿ ತೋರಿಸಿದರೆ, ಅದು ಹೆಸರಿಗೆ 580, ಒಳಗೆ ಹೆಚ್ಚುಕಡಿಮೆ ಹಳೆಯ 570.

ನನ್ನ ಆಯ್ಕೆ ಆರ್‌ಎಕ್ಸ್ 9060 ಎಕ್ಸ್‌ಟಿ, 16 ಜಿಬಿ. 16 ಅನ್ನುವುದನ್ನು ಒತ್ತಿ ಹೇಳುತ್ತಿದ್ದೇನೆ. 2025ರ ಜೂನ್‌ನಲ್ಲಿ ಎಎಂಡಿ ಒಂದೇ ಹೆಸರಿನಲ್ಲಿ 8 ಜಿಬಿ ಮತ್ತು 16 ಜಿಬಿ ಎರಡನ್ನೂ ಬಿಟ್ಟಿತು. ಎನ್‌ವಿಡಿಯಾದ ಆರ್‌ಟಿಎಕ್ಸ್ 5060 ಟಿಐ ಕಥೆಯೂ ಅದೇ. ಅಂಗಡಿಯ ಚೀಟಿಯಲ್ಲಿ ಹೆಸರಷ್ಟೇ ಬರೆದಿದ್ದರೆ ನಿಮ್ಮ ಕೈಗೆ ಬರುವುದು 8 ಜಿಬಿಯದೇ ಅಂತ ತಿಳಿಯಿರಿ. ಡಬ್ಬಿಯ ಮೇಲೆ ಮೂಲೆಯಲ್ಲಿ ಬರೆದಿರುತ್ತದೆ, ಓದಿ. ಬಿಲ್ಲಿನಲ್ಲೂ ‘16 ಜಿಬಿ’ ಅಂತ ಬರೆಸಿ.

8 ಜಿಬಿ ಸಾಲುವುದಿಲ್ಲವೇ ಅಂದರೆ, ವ್ಯಾಲರಂಟಿಗೆ ಧಾರಾಳವಾಗಿ ಸಾಲುತ್ತದೆ. ತೊಂದರೆ ಹೊಸ ಗೇಮ್‌ಗಳಲ್ಲಿ. ಟೆಕ್ಸ್ಚರ್ (ವಸ್ತುಗಳ ಮೇಲ್ಮೈ ಚಿತ್ರ) ಹೈ, ಮೇಲೆ ರೇ ಟ್ರೇಸಿಂಗ್, ಮೇಲೆ ಫ್ರೇಮ್ ಜೆನರೇಶನ್ (ಅದೇನು ಅಂತ ಮುಂದೆ ಹೇಳುತ್ತೇನೆ) ಅಂತ ಹಾಕಿದಾಗ ಕಾರ್ಡಿನ ಮೆಮೊರಿ ತುಂಬಿಹೋಗುತ್ತದೆ. ಆಗ ಉಳಿದ ಡೇಟಾ ಸಿಸ್ಟಂ ರ‍್ಯಾಮಿಗೆ ಹೋಗಿ ಅಲ್ಲಿಂದ ಬರಬೇಕು. ಆ ದಾರಿ ನಿಧಾನ. ಎಫ್‌ಪಿಎಸ್ ಮೀಟರ್ 70 ತೋರಿಸುತ್ತಿರುತ್ತದೆ, ಆದರೆ ತಿರುಗಿದಾಗಲೆಲ್ಲ ಚಿತ್ರ ಗಕ್ಕನೆ ನಿಲ್ಲುತ್ತದೆ. ಕೆಲವು ಗೇಮ್‌ಗಳಲ್ಲಿ ಗೋಡೆ, ಬಟ್ಟೆಗಳು ಮಸುಕಾಗಿಯೇ ಉಳಿಯುತ್ತವೆ. ರ‍್ಯಾಮ್ ಹಾಗೆ ಕಾರ್ಡಿನ ಮೆಮೊರಿಯನ್ನು ಆಮೇಲೆ ಸೇರಿಸಲು ಬರುವುದಿಲ್ಲ.

ಒಂದು ವಿನಾಯಿತಿ ಇದೆ. ನೀವು ಬಿಸಿಎ. ಪ್ರಾಜೆಕ್ಟಿಗೆ ಮಶೀನ್ ಲರ್ನಿಂಗ್ ಮಾಡುವವರಿದ್ದರೆ, ಅಥವಾ ಬ್ಲೆಂಡರ್ ಕಲಿಯುವ ಮನಸ್ಸಿದ್ದರೆ, ಎನ್‌ವಿಡಿಯಾ ಕಡೆ ಹೋಗಿ. ಕ್ಯುಡಾ ಎಂಬ ಅವರ ತಂತ್ರಾಂಶದ ಮೇಲೆಯೇ ಆ ಲೋಕ ಬಹುಪಾಲು ನಿಂತಿದೆ. ಕಡಿಮೆ ಚುಕ್ಕೆಯ ಚಿತ್ರವನ್ನು ಹಿಗ್ಗಿಸಿ ಚೊಕ್ಕ ಮಾಡುವ ಅವರ ಡಿಎಲ್‌ಎಸ್‌ಎಸ್ ಕೂಡ ತುಂಬಾ ಗೇಮ್‌ಗಳಲ್ಲಿದೆ. ಆದರೆ ಅಲ್ಲಿ ಈ ದುಡ್ಡಿಗೆ ಸಿಗುವುದು 8 ಜಿಬಿಯ 5060. ಬರೀ ಗೇಮ್ ಅಂದರೆ ನಾನು 16 ಜಿಬಿಯ ಪರವೇ.

ಜಾಹೀರಾತಿನಲ್ಲಿ ಎಫ್‌ಪಿಎಸ್ ಎರಡು ಪಟ್ಟು, ನಾಲ್ಕು ಪಟ್ಟು ಅಂತ ಬರುತ್ತದಲ್ಲ, ಅದು ಫ್ರೇಮ್ ಜೆನರೇಶನ್. ನಿಜವಾದ ಎರಡು ಚಿತ್ರಗಳ ನಡುವೆ ಕಾರ್ಡ್ ಊಹಿಸಿ ಬರೆದ ಚಿತ್ರ ತುರುಕುತ್ತದೆ. ನೋಡಲು ನುಣುಪು. ಮೌಸ್ ಒತ್ತಿದ್ದಕ್ಕೆ ಗೇಮ್ ಸ್ಪಂದಿಸುವ ವೇಗ ಮಾತ್ರ ಏರುವುದಿಲ್ಲ, ಸ್ವಲ್ಪ ಇಳಿಯಲೂಬಹುದು. ಕಾರ್ಡುಗಳನ್ನು ಹೋಲಿಸುವಾಗ ಅದನ್ನು ಆಫ್ ಮಾಡಿದ ಅಂಕಿಯನ್ನೇ ನೋಡಿ.

ಮಾಮನ ಹಳೆ ಸಿಸ್ಟಂನಿಂದ ಉಪಯೋಗಕ್ಕೆ ಬರುವುದು ಆ ಎರಡು ರ‍್ಯಾಮ್ ಸ್ಟಿಕ್. ಎರಡು ವರ್ಷದ ಹಿಂದೆ ಕೇಳಿದ್ದರೆ ‘ಅದನ್ನು ಬಿಡಿ, ಹೊಸ ಡಿಡಿಆರ್5 ತಗೊಳ್ಳಿ’ ಅನ್ನುತ್ತಿದ್ದೆ. ಆದರೆ 2025ರ ಕೊನೆಯಿಂದ ರ‍್ಯಾಮ್ ಬೆಲೆ ಕೈಸುಡುತ್ತಿದೆ. ಜಗತ್ತಿನ ಮೆಮೊರಿ ಚಿಪ್ ಬಹುಪಾಲು ಮಾಡುವುದು ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್ ಎಂಬ ಮೂರೇ ಕಂಪನಿಗಳು. ಎಐ ಡೇಟಾ ಸೆಂಟರ್‌ಗಳಿಗೆ ಬೇಕಾದ ಮೆಮೊರಿಗೆ ಅವರು ಹೆಚ್ಚು ಗಮನ ಕೊಟ್ಟರು. ನಮ್ಮ ನಿಮ್ಮಂಥವರ ಪಾಲು ತುಟ್ಟಿಯಾಯಿತು. ಎಸ್‌ಎಸ್‌ಡಿ ಬೆಲೆಗೂ ಅದರ ಬಿಸಿ ತಟ್ಟಿದೆ. ಹಾಗಾಗಿ ಕೈಯಲ್ಲಿರುವ 16 ಜಿಬಿಯನ್ನು ಬಿಸಾಡುವ ಮಾತೇ ಇಲ್ಲ.

ಡಿಡಿಆರ್4 ಸ್ಟಿಕ್ ಡಿಡಿಆರ್5 ಬೋರ್ಡಿನಲ್ಲಿ ಕೂರುವುದಿಲ್ಲ, ತಳದ ಸೀಳು ಬೇರೆ ಜಾಗದಲ್ಲಿದೆ. ಆದ್ದರಿಂದ ಡಿಡಿಆರ್4 ತಗೊಳ್ಳುವ ಬೋರ್ಡೇ ಬೇಕು. ಎರಡು ದಾರಿ. ಒಂದು, ರೈಜನ್ 5 5600 ಮತ್ತು ಬಿ550 ಬೋರ್ಡ್. ಇನ್ನೊಂದು, ಕೋರ್ ಐ5-12400ಎಫ್ ಮತ್ತು ಡಿಡಿಆರ್4 ಬಗೆಯ ಬಿ660 ಅಥವಾ ಬಿ760. ಎರಡರಲ್ಲೂ 6 ಕೋರ್, 12 ಥ್ರೆಡ್. ಎರಡೂ 9060 ಎಕ್ಸ್‌ಟಿಗೆ ಸರಿಜೋಡಿ. ಆ ದಿನ ಯಾವ ಜೋಡಿ ಅಗ್ಗವೋ ಅದನ್ನೇ ತಗೊಳ್ಳಿ, ಇದರಲ್ಲಿ ತಲೆ ಕೆಡಿಸಿಕೊಳ್ಳುವಂಥದ್ದು ಏನಿಲ್ಲ. ಪ್ರೊಸೆಸರ್, ಬೋರ್ಡ್ ಸೇರಿ 20 ಸಾವಿರದೊಳಗೆ ಮುಗಿಸಲು ನೋಡಿ. 5600 ಕೇಳಿದರೆ 5500 ಅಥವಾ 5600ಜಿ ಕೊಡಲು ಬರಬಹುದು. ಬೇಡ ಅನ್ನಿ. ಅವೆರಡರಲ್ಲೂ ಕ್ಯಾಶ್ (ಪ್ರೊಸೆಸರ್ ಒಳಗಿನ ಪುಟ್ಟ, ವೇಗದ ಮೆಮೊರಿ) ಅರ್ಧದಷ್ಟು, 32ರ ಬದಲು 16 ಎಂಬಿ. ಗೇಮ್‌ಗಳಿಗೆ ಈ ಕ್ಯಾಶ್ ತುಂಬಾ ಮುಖ್ಯ. ಕಾರ್ಡಿಗೆ ಡೇಟಾ ಹೋಗಿಬರುವ ದಾರಿಯಾದ ಪಿಸಿಐಇ ಕೂಡ ಹಳೆಯ 3.0.

ಹಳೆ ರ‍್ಯಾಮ್ 2400 ಅಥವಾ 2666 ವೇಗದ್ದಿರಬಹುದು. 3200ರದ್ದಕ್ಕಿಂತ ವ್ಯಾಲರಂಟ್‌ನಲ್ಲಿ ಎಫ್‌ಪಿಎಸ್ ಸ್ವಲ್ಪ ಕಮ್ಮಿ ಬರುತ್ತದೆ. ನಿಮ್ಮ 144 ಹರ್ಟ್ಸ್ ಮಾನಿಟರಿಗೆ ಆಗಲೂ ಸಾಕಾಗಿ ಮಿಗುತ್ತದೆ. ಬೋರ್ಡಿನಲ್ಲಿ ನಾಲ್ಕು ಸ್ಲಾಟ್ ಇದ್ದರೆ ಪ್ರೊಸೆಸರಿನಿಂದ ಎಣಿಸಿ ಎರಡನೆಯದು ಮತ್ತು ನಾಲ್ಕನೆಯದರಲ್ಲಿ ಹಾಕಿ. ಆಗ ಎರಡೂ ಒಟ್ಟಿಗೆ ಕೆಲಸ ಮಾಡುತ್ತವೆ. ಅಂಗಡಿಯವರು ಬರೆದ 16 ಜಿಬಿಯ ಒಂದೇ ಸ್ಟಿಕ್‌ಗಿಂತ ನಿಮ್ಮ ಹಳೆಯ ಎರಡು ಸ್ಟಿಕ್ ಒಂದು ಲೆಕ್ಕದಲ್ಲಿ ಮೇಲು.

ಈ ದಾರಿಯ ಕೊರತೆಯನ್ನೂ ಹೇಳಿಬಿಡುತ್ತೇನೆ. 5600 ಕೂರುವ ಎಎಂ4 ಸಾಕೆಟ್ 2016ರದ್ದು, ಅದರ ಕಾಲ ಮುಗಿಯುತ್ತಾ ಬಂದಿದೆ. ನಾಲ್ಕೈದು ವರ್ಷ ಬಿಟ್ಟು ಅಪ್‌ಗ್ರೇಡ್ ಮಾಡುವಾಗ ಪ್ರೊಸೆಸರ್, ಬೋರ್ಡ್, ರ‍್ಯಾಮ್ ಮೂರೂ ಒಟ್ಟಿಗೆ ಬದಲಿಸಬೇಕು. 2022ರಲ್ಲಿ ಬಂದ ಎಎಂ5 ಸಾಕೆಟ್ಟಿಗೆ 2027ರವರೆಗೂ, ಅದರಾಚೆಗೂ ಹೊಸ ಪ್ರೊಸೆಸರ್ ಕೊಡುತ್ತೇವೆ ಅಂತ ಎಎಂಡಿ ಹೇಳಿದೆ. ರ‍್ಯಾಮ್ ಅಗ್ಗವಾಗಿದ್ದರೆ ನಾನೂ ರೈಜನ್ 5 7600 ಅನ್ನುತ್ತಿದ್ದೆ. ಈಗ ಡಿಡಿಆರ್5ಗೆ ಸುರಿಯುವ ದುಡ್ಡನ್ನು ಕಾರ್ಡಿಗೆ ಹಾಕಿದರೆ ನಿಮಗೆ ಹೆಚ್ಚು ಗೇಮ್ ಸಿಗುತ್ತದೆ.

‘ಅದೇ ರೇಟಿಗೆ 14ನೇ ಜೆನ್ ಐ7 ಕೊಡ್ತೀವಿ’ ಅಂತ ಯಾರಾದರೂ ಅಂದರೆ ಒಂದು ವಿಷಯ ಗೊತ್ತಿರಲಿ. ಇಂಟೆಲ್‌ನ 13 ಮತ್ತು 14ನೇ ಜೆನ್‌ನ ಮೇಲಿನ ಮಾಡೆಲ್‌ಗಳಲ್ಲಿ ಕೆಲವು ಹೆಚ್ಚಿನ ವೋಲ್ಟೇಜಿನಿಂದ ಬರಬರುತ್ತಾ ಹಾಳಾಗಿ, ಗೇಮ್ ಮಧ್ಯೆ ಕ್ರ್ಯಾಶ್ ಆಗುತ್ತಿದ್ದವು. 2024ರ ಆಗಸ್ಟಿನಿಂದ ಅದಕ್ಕೆ ತಿದ್ದುಪಡಿ ಬಂತು, ಕಂಪನಿ ವಾರಂಟಿಯನ್ನು ಎರಡು ವರ್ಷ ಹೆಚ್ಚಿಸಿತು. ತಗೊಂಡರೆ ಬಯೋಸ್ (ಮದರ್‌ಬೋರ್ಡಿನೊಳಗಿನ ಮೂಲ ತಂತ್ರಾಂಶ) ಅಪ್‌ಡೇಟ್ ಆಗಿದೆಯಾ ನೋಡಲೇಬೇಕು. 12ನೇ ಜೆನ್‌ಗೆ ಈ ಕಾಟ ಇಲ್ಲ.

ಈಗ ಎಸ್‌ಎಂಪಿಎಸ್, ಅಂದರೆ ಗೋಡೆಯ ಕರೆಂಟನ್ನು ಸಿಸ್ಟಂನ ಭಾಗಗಳಿಗೆ ತಕ್ಕಂತೆ ಬದಲಿಸಿ ಕೊಡುವ ಡಬ್ಬಿ. ಕೊಟೇಶನ್ನಿನಲ್ಲಿ ನನ್ನನ್ನು ಹೆಚ್ಚು ಹೆದರಿಸಿದ ಸಾಲು ಇದೇ. ಕ್ಯಾಬಿನೆಟ್ ಜೊತೆ ‘ಫ್ರೀ’ ಬರುವ 500 ವಾಟಿನ ಡಬ್ಬಿಯನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡಿ. ಖಾಲಿ ಡಬ್ಬಿಯ ಹಾಗೆ ಹಗುರ. ಪಕ್ಕದಲ್ಲಿ ಅಂಟಿಸಿದ ಚೀಟಿ ಓದಿ. ‘+12ವಿ’ ಅಂತ ಒಂದು ಸಾಲು ಇರುತ್ತದೆ, ಅದರ ಎದುರು ಆಂಪ್. ಪ್ರೊಸೆಸರ್, ಕಾರ್ಡ್ ಎರಡೂ ಕರೆಂಟ್ ಎಳೆಯುವುದು ಮುಖ್ಯವಾಗಿ ಆ ಸಾಲಿನಿಂದ. ಅಲ್ಲಿ 18 ಆಂಪ್ ಅಂತಿದ್ದರೆ 12ರಿಂದ ಗುಣಿಸಿ: 216 ವಾಟ್. ಹೊರಗೆ ದಪ್ಪಕ್ಷರದಲ್ಲಿ 500, ಕೆಲಸಕ್ಕೆ ಬರುವುದು 216. ಒಳ್ಳೆಯ 550 ವಾಟಿನದರಲ್ಲಿ ಇದೇ ಸಾಲು 45 ಆಂಪ್ ಆಸುಪಾಸು ಇರುತ್ತದೆ, ಅಂದರೆ ಸುಮಾರು 540 ವಾಟ್. ಇನ್ನೊಂದು ಗುರುತು: ಕಾರ್ಡಿಗೆ ಬೇಕಾದ 8 ಪಿನ್ ಕೇಬಲ್ ಅದರಲ್ಲಿ ಇಲ್ಲದೆ, ‘ಕನ್ವರ್ಟರ್ ಹಾಕಿ ಕೊಡ್ತೀವಿ’ ಅಂದರೆ ಅಲ್ಲಿಂದ ಎದ್ದು ಬನ್ನಿ. ಆ ಕನ್ವರ್ಟರ್ ಬಿಸಿಯಾಗಿ ಕರಗಿದ ಉದಾಹರಣೆ ಬೇಕಾದಷ್ಟಿವೆ.

ನಿಮ್ಮ ಹೊಸ ಸಿಸ್ಟಂ ಎಳೆಯುವುದೆಷ್ಟು? ಕಾರ್ಡ್ 160 ವಾಟ್, ಪ್ರೊಸೆಸರ್ 75–80, ಉಳಿದದ್ದೆಲ್ಲ ಸೇರಿ 50–60. ಹೆಚ್ಚುಕಡಿಮೆ 300. ಕಾರ್ಡ್ ಕ್ಷಣಕಾಲ ಇದಕ್ಕಿಂತ ತುಂಬಾ ಜಾಸ್ತಿ ಎಳೆಯುವುದುಂಟು. ಹಾಗಾಗಿ ಹೆಸರಿರುವ ಕಂಪನಿಯ, 5 ವರ್ಷ ವಾರಂಟಿ ಇರುವ 550 ಅಥವಾ 650 ವಾಟಿನದು ತಗೊಳ್ಳಿ. 850 ಬೇಡ. ‘80 ಪ್ಲಸ್ ಬ್ರಾಂಜ್’ ಮುದ್ರೆ ಇದ್ದರೆ ಒಳ್ಳೆಯದೇ, ಆದರೆ ಅದು ಹೇಳುವುದು ಎಷ್ಟು ಕರೆಂಟ್ ಪೋಲಾಗುತ್ತದೆ ಅನ್ನುವುದನ್ನು ಮಾತ್ರ. ಒಳಗಿನ ಸಾಮಾನು ಗಟ್ಟಿಯೇ ಅಂತ ಅಲ್ಲ. ವಾರಂಟಿಯ ವರ್ಷ ಅದಕ್ಕಿಂತ ಒಳ್ಳೆಯ ಸುಳಿವು.

ಅದೇ ಲೆಕ್ಕದಲ್ಲಿ ಯುಪಿಎಸ್ ನೋಡೋಣ. 600 ವಿಎ ಅಂದರೆ 600 ವಾಟ್ ಅಲ್ಲ. ಸಾಮಾನ್ಯವಾಗಿ ಅವು ಕೊಡುವುದು 360 ವಾಟ್. ನಿಮ್ಮ ಸಿಸ್ಟಂ ಒಳಗೆ 300 ಬಳಸಿದರೆ, ಬ್ರಾಂಜ್ ಎಸ್‌ಎಂಪಿಎಸ್ ಗೋಡೆಯಿಂದ ಎಳೆಯುವುದು ಸುಮಾರು 350. ಮಾನಿಟರ್ ಸೇರಿಸಿದರೆ 375. ಕರೆಂಟ್ ಹೋದ ಕೂಡಲೇ ಯುಪಿಎಸ್ ಕುಂಯ್ ಎಂದು ಕೂಗಿ ಎಲ್ಲವನ್ನೂ ಆರಿಸಿಬಿಡುತ್ತದೆ. ಅದನ್ನು ಮಾಮನ ಹಳೆ ಸಿಸ್ಟಂ ಜೊತೆಗೇ ಬಿಡಿ. ನಿಮಗೆ 1000–1100 ವಿಎ ಬೇಕು. ಅದರಿಂದ ಗಂಟೆಗಟ್ಟಲೆ ಆಡಬಹುದು ಅಂದುಕೊಳ್ಳಬೇಡಿ. ಗೇಮ್ ಸೇವ್ ಮಾಡಿ ಸಿಸ್ಟಂ ಆಫ್ ಮಾಡಲು ಐದಾರು ನಿಮಿಷ ಸಿಕ್ಕರೆ ಅದರ ಕೆಲಸ ಆಯಿತು.

ಒಂದು ಪರೀಕ್ಷೆ ಮಾಡಿ. ಯುಪಿಎಸ್ ಮನೆಗೆ ತಂದ ದಿನವೇ, ಪೂರ್ತಿ ಚಾರ್ಜ್ ಆದ ಮೇಲೆ, ಗೇಮ್ ಓಡುತ್ತಿರುವಾಗ ಗೋಡೆಯ ಸ್ವಿಚ್ ಆಫ್ ಮಾಡಿ. ಅಗ್ಗದ ಯುಪಿಎಸ್‌ಗಳು ಬ್ಯಾಟರಿಯಿಂದ ಕೊಡುವ ಕರೆಂಟಿನ ಅಲೆ ಮೆಟ್ಟಿಲು ಮೆಟ್ಟಿಲಾಗಿರುತ್ತದೆ. ಈಗಿನ ಒಳ್ಳೆಯ ಎಸ್‌ಎಂಪಿಎಸ್‌ಗಳಲ್ಲಿ ಕೆಲವಕ್ಕೆ ಅದು ಹಿಡಿಸುವುದಿಲ್ಲ, ಸಿಸ್ಟಂ ತಟ್ಟನೆ ಆಫ್ ಆಗುತ್ತದೆ. ಹಾಗಾದರೆ ಬದಲಿಸಿಕೊಡುವ ಮಾತನ್ನು ಅಂಗಡಿಯಲ್ಲಿ ಮೊದಲೇ ಆಡಿಕೊಂಡಿರಿ.

ಯಾರೂ ಕೇಳದ ಸಂಗತಿ ಅರ್ಥಿಂಗ್. ಹಳೆ ಮನೆಗಳಲ್ಲಿ ಮೂರು ತೂತಿನ ಸಾಕೆಟ್ ಇರುತ್ತದೆ, ಮೇಲಿನ ದೊಡ್ಡ ತೂತಿಗೆ ವೈರೇ ಇರುವುದಿಲ್ಲ. ಕ್ಯಾಬಿನೆಟ್ಟಿನ ತಗಡು ಮುಟ್ಟಿದರೆ ಜುಮ್ ಅನ್ನುತ್ತದಲ್ಲ, ಅದು ಇದೇ. ಎಸ್‌ಎಂಪಿಎಸ್ ಒಳಗೆ ಗದ್ದಲ ಸೋಸಲು ಎರಡು ಪುಟ್ಟ ಕೆಪಾಸಿಟರ್‌ಗಳು ಫೇಸ್ ಮತ್ತು ನ್ಯೂಟ್ರಲ್‌ನಿಂದ ತಗಡಿಗೆ ಸೇರಿರುತ್ತವೆ. ಅರ್ಥಿಂಗ್ ಇದ್ದರೆ ಸೋರಿದ ಕರೆಂಟ್ ನೆಲಕ್ಕೆ ಹೋಗುತ್ತದೆ. ಇಲ್ಲದಿದ್ದರೆ ತಗಡಿನ ಮೇಲೆ 230ರ ಅರ್ಧದಷ್ಟು ವೋಲ್ಟೇಜ್ ಕೂತಿರುತ್ತದೆ, ಟೆಸ್ಟರ್ ಇಟ್ಟರೆ ಮಿಣಕ್ ಅನ್ನುತ್ತದೆ. ಕರೆಂಟ್ ತೀರಾ ಸಣ್ಣದು, ನಿಜ. ಆದರೆ ಎಸ್‌ಎಂಪಿಎಸ್ ಒಳಗೆ ಏನಾದರೂ ಶಾರ್ಟ್ ಆದ ದಿನ ನಿಮ್ಮನ್ನು ಕಾಯುವುದು ಆ ಒಂದು ವೈರ್. ಸಿಸ್ಟಂ ಬರುವ ಮೊದಲೇ ಎಲೆಕ್ಟ್ರಿಷಿಯನ್ ಕರೆಸಿ ಆ ಸಾಕೆಟ್ ಒಂದನ್ನಾದರೂ ಸರಿ ಮಾಡಿಸಿ.

ವಾಟರ್ ಕೂಲರ್ ಬೇಡ. ರಾಯಚೂರು ಸೀಮೆಯಲ್ಲಿ ಬೇಸಿಗೆಗೆ 40 ಡಿಗ್ರಿ ದಾಟುವುದು ಮಾಮೂಲು. ಅದಕ್ಕೇ ವಾಟರ್ ಕೂಲರ್ ಬೇಕು ಅಂತ ಹೇಳಿರುತ್ತಾರೆ. ಆದರೆ ನೀರಿನದಾದರೂ ಗಾಳಿಯದಾದರೂ ಕೋಣೆಯ ಬಿಸಿಗಿಂತ ಕೆಳಗೆ ಇಳಿಸಲಾರದು. 75–80 ವಾಟಿನ ಪ್ರೊಸೆಸರಿಗೆ ಎರಡು ಸಾವಿರದೊಳಗಿನ, 120 ಮಿಮೀ ಫ್ಯಾನಿನ ಗೋಪುರದಂಥ ಏರ್ ಕೂಲರ್ ಧಾರಾಳ. 5600 ಜೊತೆ ಬರುವ ಫ್ಯಾನೂ ಕೆಲಸ ನಡೆಸುತ್ತದೆ, ಏಪ್ರಿಲ್‌ನಲ್ಲಿ ಸದ್ದು ಜಾಸ್ತಿ, ಅಷ್ಟೆ. ಬಿಸಿಗೆ ನಿಜವಾದ ಮದ್ದು ಕ್ಯಾಬಿನೆಟ್ಟಿನ ಮುಂಭಾಗ. ಅಲ್ಲಿ ಗಾಜಿದ್ದರೆ ಗಾಳಿ ಒಳಗೆ ಹೋಗುವುದು ಎಲ್ಲಿಂದ? ಜಾಲರಿ ಮುಖದ್ದು ತಗೊಳ್ಳಿ. ಮುಂದೆ ಎರಡು ಫ್ಯಾನ್ ಒಳಕ್ಕೆ, ಹಿಂದೆ ಒಂದು ಹೊರಕ್ಕೆ. ಧೂಳು ತಡೆಯುವ ಬಲೆ ಕಳಚಿ ತೊಳೆಯುವಂತಿರಲಿ. ಕೊಯ್ಲಿನ ದಿನಗಳಲ್ಲಿ ನಿಮ್ಮೂರಲ್ಲಿ ಭತ್ತದ ಹೊಟ್ಟು, ಧೂಳು ಎಷ್ಟು ಹಾರುತ್ತದೆ ಅಂತ ನಾನು ಹೇಳಬೇಕಾಗಿಲ್ಲ. ಕಾರ್ಡಿನ ಉದ್ದ ಕ್ಯಾಬಿನೆಟ್ಟಿಗೆ ಹಿಡಿಸುತ್ತದೆಯೇ ಅಂತಲೂ ಒಮ್ಮೆ ನೋಡಿ.

ಎಸ್‌ಎಸ್‌ಡಿ 1 ಟಿಬಿ ಇರಲಿ, ಎನ್‌ವಿಎಂಇ ಎಂಬ ವೇಗದ ಬಗೆಯದು. 512 ಬೇಗ ತುಂಬುತ್ತದೆ, ಈಗಿನ ದೊಡ್ಡ ಗೇಮ್ ಒಂದೇ 100 ಜಿಬಿ ದಾಟುತ್ತದೆ. ಸೆಕೆಂಡಿಗೆ 3500 ಎಂಬಿಯದೋ 7000 ಎಂಬಿಯದೋ ಅಂತ ಚಿಂತೆ ಬೇಡ. ಗೇಮ್ ಲೋಡ್ ಆಗುವುದರಲ್ಲಿ ಆ ವ್ಯತ್ಯಾಸ ಕಾಣುವುದು ಕಷ್ಟ.

ಸೆಕೆಂಡ್ ಹ್ಯಾಂಡ್ ಕಾರ್ಡಿನ ಬಗ್ಗೆ ನೀವು ಕೇಳಿಲ್ಲ, ಆದರೆ ಬೆಂಗಳೂರಿನ ಎಸ್.ಪಿ. ರೋಡಿನ ಕಂಪ್ಯೂಟರ್ ಮಾರುಕಟ್ಟೆಗೆ ಕಾಲಿಟ್ಟರೆ ಯಾರಾದರೂ ತೋರಿಸಿಯೇ ತೋರಿಸುತ್ತಾರೆ. 2022ರ ಸೆಪ್ಟೆಂಬರಿನಲ್ಲಿ ಇಥೀರಿಯಂ ಮೈನಿಂಗ್ (ಕಾರ್ಡುಗಳಿಂದ ಲೆಕ್ಕ ಹಾಕಿಸಿ ಕ್ರಿಪ್ಟೊ ನಾಣ್ಯ ಗಳಿಸುವುದು) ನಿಂತ ಮೇಲೆ ಹಗಲೂ ರಾತ್ರಿ ದುಡಿದ ಕಾರ್ಡುಗಳು ಮಾರುಕಟ್ಟೆಗೆ ಬಂದವು. ಎಲ್ಲವೂ ಕೆಟ್ಟವಲ್ಲ. ವಾರಂಟಿ ಉಳಿದಿದ್ದು, ಮೂಲ ಬಿಲ್ ಇದ್ದು, ಕಣ್ಣೆದುರೇ ಅರ್ಧ ಗಂಟೆ ಗೇಮ್ ಓಡಿಸಿ ತೋರಿಸಿದರೆ ಯೋಚಿಸಬಹುದು. ಸಿಂಧನೂರಿನಿಂದ ಬಂದು ಹೋಗುವ ನಿಮಗೆ ನಾನು ಹೊಸದನ್ನೇ ಹೇಳುತ್ತೇನೆ. ಹೊಸದಕ್ಕೂ ಜಿಎಸ್‌ಟಿ ಬಿಲ್ ಬೇಕು, ಪ್ರತಿ ಸಾಮಾನಿನ ಸೀರಿಯಲ್ ನಂಬರ್ ಬಿಲ್ಲಿನ ಮೇಲಿರಬೇಕು. ‘ಬಿಲ್ ಇಲ್ಲದೆ ಎರಡು ಸಾವಿರ ಕಮ್ಮಿ’ ಅಂದರೆ ಆ ಎರಡು ಸಾವಿರ ನಿಮ್ಮ ಮೂರು ವರ್ಷದ ವಾರಂಟಿಯ ಬೆಲೆ. ಡಬ್ಬಿಗಳನ್ನೂ ಎಸೆಯಬೇಡಿ.

ಬೆಂಗಳೂರಲ್ಲೇ ಜೋಡಿಸಿಕೊಂಡು ರಾತ್ರಿ ಬಸ್ಸಿಗೆ ತರುವುದಾದರೆ, ರ‍್ಯಾಮ್ ಸ್ಟಿಕ್ ಮನೆಯಿಂದ ಒಯ್ಯಲು ಮರೆಯಬೇಡಿ. ಎಲ್ಲ ಓಡುವುದನ್ನು ಅಲ್ಲೇ ನೋಡಿ. ಆಮೇಲೆ ಗ್ರಾಫಿಕ್ಸ್ ಕಾರ್ಡ್ ಬಿಚ್ಚಿಸಿ ಅದರ ಡಬ್ಬಿಯಲ್ಲೇ ಹಾಕಿ, ಬ್ಯಾಗಿನಲ್ಲಿ ನಿಮ್ಮ ಜೊತೆಗೇ ಇಟ್ಟುಕೊಳ್ಳಿ. ಕಾರ್ಡ್ ಭಾರದ ವಸ್ತು, ಸ್ಲಾಟಿನಿಂದ ಅಡ್ಡಕ್ಕೆ ನೇತಾಡುತ್ತಿರುತ್ತದೆ. ಬಸ್ಸಿನ ಡಿಕ್ಕಿಯಲ್ಲಿ ರಾತ್ರಿಯಿಡೀ ಕುಲುಕಿದರೆ ಸ್ಲಾಟೋ ಕಾರ್ಡೋ ಬಿರುಕು ಬಿಡಬಹುದು. ಅದಕ್ಕೆ ವಾರಂಟಿ ಸಿಗುವುದು ಕಷ್ಟ. ಕ್ಯಾಬಿನೆಟ್ಟನ್ನು ಗಾಜಿನ ಬದಿ ಮೇಲೆ ಬರುವಂತೆ ಮಲಗಿಸಿ.

ಮನೆಯಲ್ಲಿ ಕಾರ್ಡ್ ಮತ್ತೆ ಕೂರಿಸುವಾಗ ಟಕ್ ಅನ್ನುವವರೆಗೆ ಒತ್ತಿ, 8 ಪಿನ್ ಕೇಬಲ್ ಹಾಕಿ. ಮಾನಿಟರ್ ಕೇಬಲ್ಲನ್ನು ಮದರ್‌ಬೋರ್ಡಿಗಲ್ಲ, ಕಾರ್ಡಿಗೇ ಚುಚ್ಚಿ. 5600 ಮತ್ತು 12400ಎಫ್ ಎರಡರಲ್ಲೂ ಸ್ವಂತ ಗ್ರಾಫಿಕ್ಸ್ ಇಲ್ಲ, ಬೋರ್ಡಿಗೆ ಚುಚ್ಚಿದರೆ ಪರದೆ ಕಪ್ಪಾಗಿಯೇ ಇರುತ್ತದೆ. ಸಿಸ್ಟಂ ಕೆಟ್ಟಿದೆ ಅಂತ ಅಂಗಡಿಗೆ ಫೋನ್ ಮಾಡುವವರಲ್ಲಿ ಎಷ್ಟೋ ಜನರ ತೊಂದರೆ ಇದೇ. ವಿಂಡೋಸ್ 11 ಹಾಕಿಸಿ. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11ರಲ್ಲಿ ವ್ಯಾಲರಂಟ್ ಓಡಲು ಬಯೋಸ್‌ನಲ್ಲಿ ಟಿಪಿಎಂ ಮತ್ತು ಸೆಕ್ಯೂರ್ ಬೂಟ್ ಎಂಬ ಭದ್ರತೆಯ ಸೆಟ್ಟಿಂಗ್ ಎರಡೂ ಆನ್ ಇರಬೇಕು. ಕೊನೆಗೆ ಡಿಸ್‌ಪ್ಲೇ ಸೆಟ್ಟಿಂಗ್ ತೆರೆದು ರಿಫ್ರೆಶ್ ರೇಟ್ ನೋಡಿ. ಎಷ್ಟೋ ಸಲ ವಿಂಡೋಸ್ ಹೊಸ ಮಾನಿಟರನ್ನೂ 60ರಲ್ಲೇ ಓಡಿಸುತ್ತಿರುತ್ತದೆ. ಅದನ್ನು ಕೈಯಾರೆ 144ಕ್ಕೆ ಏರಿಸಬೇಕು.